ರಜಿಯಾ ಮಾವಿನಕಾಯಿ ಕದಿಯೋದು ಯಾವಾಗ?

ಮಕ್ಕಳ ಪುಸ್ತಕಗಳ ಬಗ್ಗೆ ಹೇಳಬೇಕಾದ ಮಾತನ್ನು ಬೆಕ್ಕಿನ ವಿಷಯದಿಂದ ಶುರು ಮಾಡುತ್ತೇನೆ. ಸುಮಾರು ವರ್ಷಗಳ ಹಿಂದೆ ಮಕ್ಕಳಿಗೆ ಅಂತ ಒಂದು ಸಣ್ಣ ಕತೆ ಬರೆದಿದ್ದೆ. ಕಡಲ ಬದಿಯ ಊರು, ಆಷಾಢದ ಮಳೆ. ದೋಣಿ ಇಳಿಸುವ ಹಾಗಿಲ್ಲ, ಹಸಿ ಮೀನಿಲ್ಲ. ಒಬ್ಬಳು ಅಜ್ಜಿ ಒಲೆಯ ಕೆಂಡದ ಮೇಲೆ ಒಣ ಬಂಗಡೆ ಸುಡುತ್ತಾಳೆ. ಆ ವಾಸನೆಗೆ ಕೇರಿಯ ಬೆಕ್ಕುಗಳೆಲ್ಲ ಒಂದೊಂದಾಗಿ ಬಂದು ಜಗಲಿ ಮೇಲೆ ಸಾಲಾಗಿ ಕೂರುತ್ತವೆ. ಅಜ್ಜಿಗೂ ಬೆಕ್ಕುಗಳಿಗೂ ಜಟಾಪಟಿ. ಅಷ್ಟೇ ಕತೆ.

ಅಚ್ಚಿಗೆ ಹೋಗುವ ಮುಂಚೆ ಫೋನ್ ಬಂತು. "ಸರ್, ಒಂದೇ ಒಂದು ಬದಲಾವಣೆ. ಮೀನು ಅಂತ ಇದ್ದರೆ ಕೆಲವು ಶಾಲೆಯವರು ತಗೊಳ್ಳಲ್ಲ. ಹಪ್ಪಳ ಮಾಡೋಣ್ವಾ? ಹಪ್ಪಳ ಎಲ್ಲರೂ ತಿಂತಾರೆ." ನಾನು ಹೂಂ ಅಂದೆ. ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಪುಸ್ತಕ ಬಂದರೆ ಸಾಕಾಗಿತ್ತು, ಅದಕ್ಕೆ ಹೂಂ ಅಂದೆ.

ಪುಸ್ತಕ ಬಂತು. ಚಿತ್ರಗಳು ಚೆನ್ನಾಗಿದ್ದವು. ಒಂದು ಶಾಲೆಗೆ ಹೋಗಿ ಓದಿ ಹೇಳಿದೆ. ಮೂರನೇ ಕ್ಲಾಸಿನ ಹುಡುಗ ಒಬ್ಬ ಕೈ ಎತ್ತಿದ. "ಸರ್, ಹಪ್ಪಳಕ್ಕೆ ಬೆಕ್ಕು ಯಾಕೆ ಬರ್ತದೆ?"

ನೀವು ನಗುತ್ತಿದ್ದೀರಿ. ಅವತ್ತು ಆ ಕ್ಲಾಸೂ ನಕ್ಕಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಪದ ಬದಲಾಯಿಸಿದ್ದಕ್ಕೆ ಕತೆಯ ಬೆನ್ನುಮೂಳೆಯೇ ಮುರಿದಿತ್ತು. ಅದನ್ನು ಕಂಡುಹಿಡಿದವನು ಎಂಟು ವರ್ಷದವನು. ಅವನ ಮನೆಯಲ್ಲಿ ಬೆಕ್ಕೂ ಇತ್ತು, ಒಣಮೀನೂ ಇತ್ತು.

ಅವತ್ತಿನಿಂದ ಮಕ್ಕಳ ಪುಸ್ತಕದಲ್ಲಿ ಊಟ ಎಲ್ಲಿ ಬಂದರೂ ಕಣ್ಣು ಅಲ್ಲೇ ನಿಲ್ಲುತ್ತದೆ. ಉಂಡೆ, ಹೋಳಿಗೆ, ಕೋಡುಬಳೆ, ದೋಸೆ. ಎಲ್ಲ ನನಗೂ ಇಷ್ಟ, ಗಲಾಟೆ ಏನಿಲ್ಲ. ಆದರೆ ನೋಡಿ, 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ಎಷ್ಟು ಚರ್ಚೆ ಆಯಿತು ಅಂತ ನಿಮಗೇ ಗೊತ್ತು. ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು. ಬೇಡ ಅಂದ ಮಕ್ಕಳಿಗೆ ಆಗ ಬಾಳೆಹಣ್ಣು, ಚಿಕ್ಕಿ ಕೊಟ್ಟರು. ತಟ್ಟೆಗೆ ಮೊಟ್ಟೆ ಬಂದು ಇಷ್ಟು ದಿನ ಆಯಿತು. ನಮ್ಮ ಕತೆಗಳಲ್ಲಿ ಮಾತ್ರ ಮೊಟ್ಟೆ ಅಂದರೆ ಈಗಲೂ ಮರಿ ಹೊರಗೆ ಬರುವ ವಸ್ತು. ಬೇಯಿಸಿ, ಸಿಪ್ಪೆ ಸುಲಿದು, ಉಪ್ಪು ಹಚ್ಚಿ ತಿನ್ನುವ ಮಗು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಒಂದು ಭಾನುವಾರ ಮನೆಯಲ್ಲಿದ್ದ ಮಕ್ಕಳ ಪುಸ್ತಕಗಳನ್ನೆಲ್ಲ ಕೆಳಗೆ ಇಳಿಸಿದೆ. ಧೂಳು ಹೊಡೆಯೋದು ನೆಪ. ಕೂತು ಎರಡು ರಾಶಿ ಮಾಡಿದೆ. ಲೆಕ್ಕ ಹಾಕಿ, ಪಟ್ಟಿ ಬರೆದು ಮಾಡಿದ ಸಂಶೋಧನೆ ಅಂತ ತಿಳಿಯಬೇಡಿ, ಸುಮ್ನೆ ಕುತೂಹಲಕ್ಕೆ. ಒಂದು ರಾಶಿ ಮಗು ಕಿತಾಪತಿ ಮಾಡುವ ಪುಸ್ತಕಗಳದ್ದು. ಇನ್ನೊಂದು, ಮಗು ಒಳ್ಳೆಯದಾಗಿಯೇ ಇರುವ ಪುಸ್ತಕಗಳದ್ದು.

ಮೊದಲ ರಾಶಿಯಲ್ಲಿ ಪುಟ್ಟ, ಗುಂಡ, ಕಿಟ್ಟು, ಪಮ್ಮಿ ಇದ್ದರು. ಡಬ್ಬಿಯಿಂದ ಉಂಡೆ ಕದಿಯುತ್ತಾರೆ. ಅಟ್ಟ ಹತ್ತುತ್ತಾರೆ. ತಾತನ ಕನ್ನಡಕ ಬಚ್ಚಿಡುತ್ತಾರೆ. ಸುಳ್ಳು ಹೇಳಿ ಸಿಕ್ಕಿಬೀಳುತ್ತಾರೆ, ಬೈಸಿಕೊಳ್ಳುತ್ತಾರೆ, ಮಾರನೇ ದಿನ ಮತ್ತೆ ಅದೇ. ಅವರ ಜಾತಿ ಯಾವುದು ಅಂತ ಪುಸ್ತಕ ಎಲ್ಲೂ ಹೇಳುವುದಿಲ್ಲ. ಆದರೆ ಅಂಗಳದ ತುಳಸಿಕಟ್ಟೆ, ದೇವರಮನೆಯ ನಂದಾದೀಪ, ಅಜ್ಜಿಯ ಮಡಿ, ಅಡುಗೆಮನೆಯ ಪಾತ್ರೆಗಳು ಎಲ್ಲ ಹೇಳಿಬಿಡುತ್ತವೆ.

ಎರಡನೇ ರಾಶಿಯಲ್ಲಿ ರಜಿಯಾ ಇದ್ದಳು. ರಂಜಾನ್ ದಿನ ಸುರಕುಂಬಾ ತಂದು ಕೊಡುತ್ತಾಳೆ. ಪೀಟರ್ ಇದ್ದ, ಅವನು ಕ್ರಿಸ್‌ಮಸ್‌ಗೆ ಕೇಕು ತರುತ್ತಾನೆ. ಉಳಿದ ಹನ್ನೊಂದು ತಿಂಗಳು ಇಬ್ಬರೂ ಎಲ್ಲಿರುತ್ತಾರೋ! ಮಾರ ಅಂತ ಒಬ್ಬ ಬಡ ಹುಡುಗ. ದಾರಿಯಲ್ಲಿ ಸಿಕ್ಕ ಪರ್ಸನ್ನು ವಾಪಸ್ ಕೊಟ್ಟು ಶಭಾಷ್ ಅನ್ನಿಸಿಕೊಳ್ಳುತ್ತಾನೆ. ಕಣ್ಣು ಕಾಣದ ಹುಡುಗಿ ಒಬ್ಬಳು ಇಂಪಾಗಿ ಹಾಡುತ್ತಾಳೆ. ತಾಂಡಾದ ಹುಡುಗಿ ಕಷ್ಟಪಟ್ಟು ಓದಿ ಮುಂದೆ ಬರುತ್ತಾಳೆ. ಎಲ್ಲರೂ ಚಿನ್ನದಂಥ ಮಕ್ಕಳು. ಒಬ್ಬರೂ ಒಂದು ಕಲ್ಲು ಎಸೆಯುವುದಿಲ್ಲ.

ನನಗೆ ಇವತ್ತು ಹೇಳಬೇಕಾಗಿರೋದು ಇದೇ. ಎಲ್ಲ ಬಗೆಯ ಮಕ್ಕಳೂ ಪುಸ್ತಕದಲ್ಲಿ ಇರಬೇಕು ಅನ್ನುವುದಕ್ಕೆ ಈಗ ಜಾಸ್ತಿ ಜನ ತಕರಾರು ತೆಗೆಯುವುದಿಲ್ಲ. ಇದ್ದು ಏನು ಮಾಡುತ್ತಾರೆ ಅಂತ ನಾನು ಕೇಳುತ್ತಿದ್ದೇನೆ. ಕಿತಾಪತಿ ಮಾಡುವುದು ಕೆಲವು ಮಕ್ಕಳ ಪಾಲಿಗೆ, ಪಾಠ ಕಲಿಸುವುದು ಉಳಿದ ಮಕ್ಕಳ ಪಾಲಿಗೆ ಅಂತ ನಾವು ಹಂಚಿಬಿಟ್ಟಿದ್ದೇವೆ. ಗಟ್ಟಿಯಾಗಿ ಹೇಳಿ ಹಂಚಿದ್ದಲ್ಲ. ಬರೆಯುತ್ತಾ ಬರೆಯುತ್ತಾ ಹಾಗಾಗಿದೆ.

ಈ ವಿಷಯದಲ್ಲಿ ಕೂತು ಲೆಕ್ಕ ಹಾಕಿದವರು ಅಮೆರಿಕದವರು. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಅನ್ನುವವರು ಒಂದು ಲೇಖನ ಬರೆದರು. ಅದು ಶುರುವಾಗುವುದೇ ನ್ಯೂಯಾರ್ಕಿನ ಶಿಶುವಿಹಾರದ ಐದು ವರ್ಷದ ಕಪ್ಪು ಹುಡುಗಿಯ ಮಾತಿನಿಂದ. ಚಿತ್ರಪುಸ್ತಕ ನೋಡುತ್ತಾ ಆ ಮಗು, ಯಾಕೆ ಯಾವಾಗಲೂ ಬಿಳಿ ಮಕ್ಕಳೇ ಇರ್ತಾರೆ ಅಂತ ಕೇಳಿತಂತೆ. ಲ್ಯಾರಿಕ್ 1962ರಿಂದ 64ರವರೆಗೆ ಬಂದ 5,206 ಪುಸ್ತಕಗಳ ಲೆಕ್ಕ ತೆಗೆದರು. ಒಂದಾದರೂ ಕಪ್ಪು ಮುಖ ಇದ್ದದ್ದು 349ರಲ್ಲಿ. ಇಪ್ಪತ್ತು ವರ್ಷ ಆದಮೇಲೆ, 1985ರಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು ಇನ್ನೊಂದು ಲೆಕ್ಕ ಶುರು ಮಾಡಿದರು. ಆ ವರ್ಷ ಬಂದ ಸುಮಾರು 2,500 ಪುಸ್ತಕಗಳಲ್ಲಿ ಕಪ್ಪು ಲೇಖಕರೋ ಕಲಾವಿದರೋ ಮಾಡಿದ್ದು ಬರೀ 18.

ಅಮೆರಿಕದ ಪ್ರಾಧ್ಯಾಪಕಿ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದ ಕನ್ನಡಿ, ಕಿಟಕಿಯ ಮಾತು ಇಲ್ಲಿರುವ ಮೇಷ್ಟ್ರುಗಳಿಗೆ ತರಬೇತಿಯಲ್ಲಿ ಸಿಕ್ಕಿರುತ್ತದೆ. ಪುಸ್ತಕದಲ್ಲಿ ಮಗು ತನ್ನ ಮುಖವನ್ನೂ ನೋಡಬೇಕು, ಬೇರೆಯವರ ಮನೆಯನ್ನೂ ಇಣುಕಬೇಕು ಅಂತ. ಒಳ್ಳೆಯ ಮಾತು. ಎಲ್ಲರೂ ಹೇಳಿ ಹೇಳಿ ಸವೆದಿದೆ, ಹಾಗಾಗಿ ನಾನು ಅದನ್ನು ಬೆಳೆಸುವುದಿಲ್ಲ. ಅದಕ್ಕಿಂತ ನನಗೆ 1962ರ ಒಂದು ಚಿತ್ರಪುಸ್ತಕ ಇಷ್ಟ. ಎಜ್ರಾ ಜಾಕ್ ಕೀಟ್ಸ್ ಮಾಡಿದ್ದು. ಅದರಲ್ಲಿ ಪೀಟರ್ ಅಂತ ಕಪ್ಪು ಹುಡುಗ ಬೆಳಿಗ್ಗೆ ಎದ್ದು ನೋಡಿದರೆ ಊರೆಲ್ಲ ಹಿಮ. ಕೆಂಪು ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಾನೆ. ಹಿಮದ ಮೇಲೆ ಹೆಜ್ಜೆ ಮೂಡಿಸುತ್ತಾನೆ, ಕೋಲಿನಿಂದ ಮರಕ್ಕೆ ಹೊಡೆದು ತಲೆ ಮೇಲೆ ಹಿಮ ಬೀಳಿಸಿಕೊಳ್ಳುತ್ತಾನೆ. ನಾಳೆಗೆ ಇರಲಿ ಅಂತ ಒಂದು ಹಿಮದ ಉಂಡೆಯನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬರುತ್ತಾನೆ. ರಾತ್ರಿ ನೋಡಿದರೆ ಜೇಬು ಖಾಲಿ. ಅವನ ಬಣ್ಣದ ಬಗ್ಗೆ ಇಡೀ ಪುಸ್ತಕದಲ್ಲಿ ಒಂದು ಅಕ್ಷರ ಇಲ್ಲ. ಯಾರೂ ಅವನ ಮೇಲೆ ಕನಿಕರ ತೋರಿಸುವುದಿಲ್ಲ. 1963ರಲ್ಲಿ ಅದಕ್ಕೆ ಅಮೆರಿಕದ ದೊಡ್ಡ ಚಿತ್ರಪುಸ್ತಕ ಬಹುಮಾನವೇ ಬಂತು. ಕೀಟ್ಸ್ ಬಿಳಿಯ, ಅವನು ಬರೆಯಬಹುದಾ ಅಂತ ಆಮೇಲೆ ವಾದ ನಡೆಯಿತು. ಆ ಪ್ರಶ್ನೆ ನನಗೂ ತಾಗುತ್ತದೆ, ಅದಕ್ಕೆ ಬರುತ್ತೇನೆ.

ನಮ್ಮಲ್ಲಿ ಬಣ್ಣಕ್ಕಿಂತ ಮೊದಲು ಎಡವುವುದು ಬಾಯಿಮಾತಿನಲ್ಲಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮನೆಮಾತು ಅಂದವರು ನೂರಕ್ಕೆ ಸುಮಾರು 66. ಅಂದರೆ ನಿಮ್ಮ ಎದುರು ಮೂರು ಮಕ್ಕಳು ಕೂತಿದ್ದರೆ ಒಂದು ಮಗು ಮನೆಯಲ್ಲಿ ಉರ್ದು, ತೆಲುಗು, ತುಳು, ಕೊಂಕಣಿ, ಲಂಬಾಣಿ, ಹೀಗೆ ಬೇರೆ ಏನೋ ಮಾತಾಡಿ ಬಂದಿರುತ್ತದೆ. ಉಳಿದ ಎರಡು ಮಕ್ಕಳು ಮಾತಾಡುವ ಕನ್ನಡವಾದರೂ ಪುಸ್ತಕದ್ದಾ? ಕಲಬುರಗಿ ಕಡೆಯ ಒಂದು ಶಾಲೆಯಲ್ಲಿ ನಾನು ಕತೆ ಓದುತ್ತಿದ್ದೆ. ಕತೆಯ ಹುಡುಗಿ ಎರಡು ಪುಟಕ್ಕೊಮ್ಮೆ "ಅಮ್ಮಾ" ಅಂತ ಕೂಗುತ್ತಿದ್ದಳು. ಮುಂದೆ ಕೂತಿದ್ದ ಹುಡುಗಿ ತಡೆಯಲಾರದೆ ಕೇಳಿಯೇ ಬಿಟ್ಟಳು: "ಸರ, ಆಕಿ ಬರೇ ಅಮ್ಮಾ ಅಮ್ಮಾ ಅಂತಾಳಲ್ರೀ, ಆಕಿಗೆ ಅವ್ವ ಇಲ್ಲೇನ್ರೀ?"

ಪಾಪ, ಅವಳು ಆ ಹುಡುಗಿ ತಬ್ಬಲಿ ಅಂದುಕೊಂಡಿದ್ದಳು.

ಅವ್ವ, ಮುತ್ಯಾ, ಆಯಿ, ಅಬ್ಬು, ಉಮ್ಮ, ಮಾಂಯ್. ನಮ್ಮ ರಾಜ್ಯದ ಮಕ್ಕಳು ಮನೆಯವರನ್ನು ಕರೆಯುವ ಪದಗಳು ಎಷ್ಟಿವೆ! ಪುಸ್ತಕಕ್ಕೆ ಬಂದಾಗ ಎಲ್ಲರೂ ಅಮ್ಮ, ಅಪ್ಪ, ಅಜ್ಜಿ. ಅನುವಾದದಲ್ಲಿ ಇದು ಇನ್ನೂ ಜಾಸ್ತಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಶುರು ಮಾಡಿದ ಮೇಲೆ ಚಿತ್ರಪುಸ್ತಕಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತಿವೆ, ಯಾರು ಬೇಕಾದರೂ ಅನುವಾದಿಸಬಹುದು. ದೊಡ್ಡ ಕೆಲಸ ಅದು. ನಾನೂ ಕೆಲವನ್ನು ಕನ್ನಡಕ್ಕೆ ತಂದಿದ್ದೇನೆ. ನಾನೂ ಕಣ್ಣು ಮುಚ್ಚಿ ಎಲ್ಲರ ಬಾಯಿಗೂ "ಅಮ್ಮ" ಹಾಕಿದವನೇ. ಕೈಯಲ್ಲಿ ಪುಸ್ತಕದ ಕನ್ನಡ ಕೂತುಬಿಟ್ಟಿದೆ, ಏನು ಮಾಡೋದು.

ಇದು ಹಳೇ ರೋಗ. ಜಿ.ಪಿ. ರಾಜರತ್ನಂ ಅವರನ್ನೇ ತೆಗೆದುಕೊಳ್ಳಿ. ಹೆಂಡ ಕುಡಿಯುವ ರತ್ನನ ಬಾಯಿಂದ ಬಂದ ಕನ್ನಡವನ್ನು ಹಾಗೇ ಕಾಗದಕ್ಕೆ ಇಳಿಸಿದ ಧೈರ್ಯ ಅವರದು. ಅದೇ ರಾಜರತ್ನಂ ತುತ್ತೂರಿ ಕೊಂಡ ಕಸ್ತೂರಿಯ ಪದ್ಯ ಬರೆಯುವಾಗ ನೀಟಾದ ಪುಸ್ತಕದ ಕನ್ನಡಕ್ಕೆ ಬಂದುಬಿಡುತ್ತಾರೆ. ಆ ಪದ್ಯ ನನಗೆ ಬಾಯಿಪಾಠ, ನಿಮಗೂ ಅಷ್ಟೇ. ಕಸ್ತೂರಿಯ ಜಂಬ, ತುತ್ತೂರಿ ನೀರಿಗೆ ಬೀಳೋದು, ಎಲ್ಲ ಚೆಂದ. ಅದರ ಮೇಲೆ ದೂರು ಹೇಳುತ್ತಿಲ್ಲ. ದೊಡ್ಡವರಿಗೆ ರತ್ನನ ಮಾತು ನಡೆಯುತ್ತದೆ, ರತ್ನನ ಮಗನಿಗೆ ಅಪ್ಪನ ಮಾತಿನಲ್ಲಿ ಒಂದು ಪದ್ಯ ಇಲ್ಲ, ಅಲ್ವಾ?

ಹಾಗಂತ ಹಿಂದಿನವರು ಏನೂ ಮಾಡಿಲ್ಲ ಅಂದರೆ ಅನ್ಯಾಯ. ಪಂಜೆ ಮಂಗೇಶರಾಯರು ತುಳು ಜನಪದ ಹಾಡು ಪಾಡ್ದನದ ಕೋಟಿ ಚೆನ್ನಯರನ್ನು ಕನ್ನಡಕ್ಕೆ ತಂದರು. ಬಿಲ್ಲವರ ಮನೆಯ ಅವಳಿ ಹುಡುಗರು. ಅವರೇನು ಪಾಪದ ಮಕ್ಕಳಾ? ಮುಟ್ಟಿದರೆ ಬಿಡುವವರಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಶುರು ಮಾಡಿದಾಗ ಕನ್ನಡಕ್ಕೆ ಮೊದಲು ತಂದುಕೊಟ್ಟವರು ಬೊಳುವಾರು ಮಹಮದ್ ಕುಂಞಿ, ಮಕ್ಕಳಿಗೆ ಗಾಂಧಿಯ ಕತೆ ಹೇಳಿದ್ದಕ್ಕೆ. ಮರುವರ್ಷ ನಾ. ಡಿಸೋಜ. ಡಿಸೋಜರು ಸಾಗರದವರು, ಶರಾವತಿ ಯೋಜನೆಯ ಕೆಲಸವನ್ನು ನೌಕರಿಯಲ್ಲಿದ್ದುಕೊಂಡೇ ಕಣ್ಣಾರೆ ನೋಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರೂರೇ ಮುಳುಗಿದ್ದನ್ನು ದೊಡ್ಡವರ ಕಾದಂಬರಿಗೂ ತಂದರು, ಮಕ್ಕಳ ಕೈಗೂ ಕೊಟ್ಟರು. ಮುಳುಗಡೆ ಮಕ್ಕಳಿಗೆ ಭಾರ ಆಗುತ್ತೆ ಅಂತ ಅವರು ಅಂದುಕೊಳ್ಳಲಿಲ್ಲ. ಬರೆಯುವವರಿಗೆ ನಮ್ಮಲ್ಲಿ ಬರ ಇಲ್ಲ. ಮುಸ್ಲಿಂ ಲೇಖಕರು, ಕ್ರೈಸ್ತ ಲೇಖಕರು, ದಲಿತ ಲೇಖಕರು ಕನ್ನಡದಲ್ಲಿ ಎಂಥೆಂಥವರಿದ್ದಾರೆ! ಅವರ ಬಾಲ್ಯದ ಕತೆಗಳು ದೊಡ್ಡವರ ಕಪಾಟಿನಲ್ಲಿ, ಆತ್ಮಕತೆ ಅಂತ ಹೆಸರು ಹೊತ್ತು ಕೂತಿವೆ. ಮಗುವಿನ ಕೈಗೆ ಎಟುಕುವ ಹಲಗೆಯ ಮೇಲಿಲ್ಲ. ಹೈದರಾಬಾದಿನ ಅನ್ವೇಷಿ ಸಂಸ್ಥೆಯವರು 2008ರ ಹೊತ್ತಿಗೆ ತೆಲುಗು, ಮಲಯಾಳ, ಇಂಗ್ಲಿಷಿನಲ್ಲಿ ಇಂಥ ಬಾಲ್ಯದ ಕತೆಗಳ ಒಂದು ಮಾಲೆಯನ್ನೇ ತಂದರು. ಗೋಗು ಶ್ಯಾಮಲಾ ಅಂಥ ದಲಿತ ಲೇಖಕಿಯರೂ ಅದರಲ್ಲಿ ಬರೆದಿದ್ದಾರೆ. ಪಕ್ಕದ ರಾಜ್ಯದಲ್ಲಿ ಆಗಿದ್ದು ಇಲ್ಲೂ ಆಗುವಂಥದ್ದೇ.

ಈಗ ನನ್ನದೇ ಇನ್ನೊಂದು ಎಡವಟ್ಟು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಇದ್ದಾರೆ ಅಂತ ನಿಮಗೆ ಗೊತ್ತು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ನಾನು ಆ ಕಡೆ ಓಡಾಡಿದವನು. ಒಬ್ಬ ಸಿದ್ದಿ ಹುಡುಗಿಯ ಕತೆ ಬರೆಯಬೇಕು ಅನ್ನಿಸಿತು, ಬರೆದೆ. ಹುಡುಗಿ ಜೋರಾಗಿ ಓಡುತ್ತಾಳೆ. ಜಿಲ್ಲಾ ಮಟ್ಟದಲ್ಲಿ ಗೆಲ್ಲುತ್ತಾಳೆ. ಕೊನೆಗೆ ಊರವರೆಲ್ಲ ಸೇರಿ ಡಮಾಮಿ ಬಾರಿಸಿ ಕುಣಿಯುತ್ತಾರೆ. ಬರೆದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಅಚ್ಚಿಗೆ ಕೊಡುವ ಮುಂಚೆ ಅಲ್ಲಿಯದೇ ಹಾಸ್ಟೆಲ್ಲಿನ ಮಕ್ಕಳಿಗೆ ಓದಿದೆ. ಪುಣ್ಯಕ್ಕೆ ಓದಿದೆ. ಆರನೇ ಕ್ಲಾಸಿನ ಹುಡುಗಿ ಒಬ್ಬಳು ಬೆಂಚಿನ ಮೇಲೆ ಗೀಚುತ್ತಾ ಕೂತಿದ್ದಳು. ಹೇಗಿದೆ ಅಂದೆ. "ಎಲ್ಲರೂ ನಮ್ಗೆ ಓಡು ಓಡು ಅಂತಾರೆ ಸರ್. ನಂಗೆ ಓಡೂಕೇ ಬೇಜಾರು" ಅಂದಳು. ಪಕ್ಕದವಳು ಚಿತ್ರಗಳ ಕಡೆ ಬೆರಳು ತೋರಿಸಿದಳು. ಕಲಾವಿದರು ಮೈಬಣ್ಣ ಕಪ್ಪು ಮಾಡಿದ್ದರು, ಕೂದಲನ್ನು ಮಾತ್ರ ಎರಡು ಉದ್ದ ಜಡೆ ಹಾಕಿ, ರಿಬ್ಬನ್ ಕಟ್ಟಿ, ಭುಜದಿಂದ ಕೆಳಗೆ ಇಳಿಸಿದ್ದರು. "ಇದು ಹೆಂಗೆ ಇಳೀತು? ನಮ್ದು ಇಳಿಯೂದಿಲ್ಲ" ಅಂದಳು. ತನ್ನ ಗುಂಗುರು ಕೂದಲನ್ನು ಎಳೆದು ಬಿಟ್ಟು ತೋರಿಸಿದಳು. ಸ್ಪ್ರಿಂಗಿನ ಹಾಗೆ ವಾಪಸ್ ಹೋಯಿತು. ಎಲ್ಲರೂ ಎಳೆದು ಬಿಟ್ಟು ಎಳೆದು ಬಿಟ್ಟು ನಗಲು ಶುರು ಮಾಡಿದರು. ನನ್ನ ಕತೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದಮೇಲೆ ನೆನಪಾಯಿತು. 1987ರಲ್ಲಿ ದೇಶದ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಶುರು ಮಾಡಿದ್ದರು. ಆಫ್ರಿಕಾ ಮೂಲ, ಆದ್ದರಿಂದ ಓಡುತ್ತಾರೆ ಅನ್ನುವ ಲೆಕ್ಕ. ಕೆಲವು ವರ್ಷ ನಡೆದು ನಿಂತುಹೋಯಿತು. ಅದೇ ಲೆಕ್ಕವನ್ನು ನಾನು ಕತೆಗೆ ತಂದಿದ್ದೆ. ಹಾಗಾದರೆ ಹೊರಗಿನವರು ಬರೆಯಲೇಬಾರದಾ? ಬರೆಯಬಹುದು ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಹಾಸ್ಟೆಲ್ಲಿನ ಬೆಂಚಿನ ಮೇಲೆ ಕೂತು ಓದಿ ತೋರಿಸಬೇಕು, ಅವರು ನಕ್ಕರೆ ಹರಿದು ಹಾಕುವ ತಾಕತ್ತು ಇರಬೇಕು. ನನ್ನ ಆ ಕತೆ ಹರಿದು ಹಾಕಿದ್ದೇನೆ. ಕೂದಲು ಎಳೆದು ಬಿಡುವ ಕತೆಯನ್ನು ಆ ಹುಡುಗಿಯರಲ್ಲಿ ಯಾರಾದರೂ ಬರೆದರೆ ಚೆಂದ, ನಾನು ಬರೆಯಲ್ಲ.

ಚಿತ್ರದ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಕಾಲಿನ ತೊಂದರೆ ಇರುವ ಮಗು ಬಂದರೆ ಚಿತ್ರದಲ್ಲಿ ಯಾವಾಗಲೂ ಹೊಳೆಯುವ ಗಾಲಿಕುರ್ಚಿ. ನಮ್ಮ ಹಳ್ಳಿ ರಸ್ತೆಯಲ್ಲಿ ಅದು ಓಡುತ್ತಾ? ಅಲ್ಲಿ ಇರೋದು ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಸೈಕಲ್ಲು. ನಾನು ಪಾಠ ಮಾಡುತ್ತಿದ್ದ ಒಂದು ಊರಿನಲ್ಲಿ ಅಂಥ ಸೈಕಲ್ಲಿನ ಹುಡುಗನೊಬ್ಬ ಇದ್ದ. ಇಡೀ ಕೇರಿಯ ಹುಡುಗರು ಅದರ ಹಿಂದೆ ನೇತಾಡಿಕೊಂಡೇ ಶಾಲೆಗೆ ಬರುತ್ತಿದ್ದರು. ಏರು ಬಂದರೆ ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಹತ್ತಬಹುದು, ಇದು ಒಪ್ಪಂದ. ಅವನು ಇಳಿಜಾರು ಬಂದ ತಕ್ಷಣ, ಅವರು ಹತ್ತುವ ಮೊದಲೇ, ಬ್ರೇಕು ಬಿಟ್ಟು ಪರಾರಿ. ಹಿಂದಿನಿಂದ ಬೈಗುಳದ ಮಳೆ. ಅವನ ಬಗ್ಗೆ ಕತೆ ಬರೆದರೆ ನಮ್ಮವರು ಅವನಿಗೆ ಏನು ಮಾಡಿಸುತ್ತಾರೆ? ಚಿತ್ರ ಬರೆಯುವ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಕೊಡಿಸುತ್ತಾರೆ.

ಎಲ್ಲ ಕಡೆಯೂ ಒಂದು ಪ್ರಶ್ನೆ ಬರುತ್ತದೆ, ಇಲ್ಲೂ ಚಹಾ ಕುಡಿಯುವಾಗ ಒಬ್ಬರು ಕೇಳಿದರು. ಮಕ್ಕಳಿಗೆ ಜಾತಿ, ಧರ್ಮ ಎಲ್ಲ ಯಾಕೆ, ಮಗು ಅಂದರೆ ಮಗು ಅಂತ. ಕೇಳಿದವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಾನು ಅವರನ್ನು ವಾಪಸ್ ಕೇಳಿದೆ: ತುಳಸಿಕಟ್ಟೆ ಇರುವ ಮನೆಯ ಚಿತ್ರ ನೋಡಿ ನಿಮಗೆ ಇದು ಬರೀ ಮನೆ ಅನ್ನಿಸುತ್ತೆ. ಗೋಡೆ ಮೇಲೆ ಅಂಬೇಡ್ಕರ್ ಫೋಟೋ ಇರುವ ಮನೆಯ ಚಿತ್ರ ನೋಡಿದರೆ ಇದರಲ್ಲಿ ಏನೋ ಸಂದೇಶ ಇದೆ ಅನ್ನಿಸುತ್ತೆ. ಯಾಕೆ? ಎರಡೂ ಮನೆಯೇ. ಎರಡರಲ್ಲೂ ಮಕ್ಕಳು ಹೋಮ್‌ವರ್ಕ್ ಮಾಡದೆ ತಪ್ಪಿಸಿಕೊಳ್ಳುತ್ತಾರೆ. ಆ ಎರಡನೇ ಮನೆಯ ಚಿತ್ರವೂ ಬರೀ ಮನೆ ಅನ್ನಿಸುವಷ್ಟು ಸಲ ಅದು ಪುಸ್ತಕಗಳಲ್ಲಿ ಬರಬೇಕು. ಒಂದು ಸಲ ಬಂದರೆ ಸಂದೇಶ, ನೂರು ಸಲ ಬಂದರೆ ಗೋಡೆ. ಅವರು ಯೋಚಿಸುತ್ತೇನೆ ಅಂದರು. ಚಹಾ ಆರಿತ್ತು.

ಕೊನೆಗೆ ನೀವು ಮಾಡಬಹುದಾದ ಒಂದು ಕೆಲಸ. ಇಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳವರು ಬಹಳ ಜನ ಇದ್ದೀರಿ. 2020ರಲ್ಲಿ "ಓದುವ ಬೆಳಕು" ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು, ಸಂಜೆ ಹೊತ್ತು ನಿಮ್ಮಲ್ಲಿ ಕಾಲಿಡಲು ಜಾಗ ಇರೋದಿಲ್ಲ ಅಂತ ನನಗೆ ಗೊತ್ತು. ಪುಸ್ತಕ ಬರುವವರೆಗೆ ಕಾಯಬೇಡಿ. ಒಂದು ದೊಡ್ಡ ಹಾಳೆ ಗೋಡೆಗೆ ಅಂಟಿಸಿ. ಮಗು ಹೇಳಲಿ, ನೀವು ಅದರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಹಾಗೇ ಅಂದರೆ ಹಾಗೇ. ಅವ್ವ ಅಂದರೆ ಅವ್ವ, ಮೀನು ಅಂದರೆ ಮೀನು. ಕೈ ತಡೆದುಕೊಳ್ಳೋದು ಕಷ್ಟ, ನನಗೆ ಈಗಲೂ ತಿದ್ದಬೇಕು ಅನ್ನಿಸುತ್ತೆ. ಚಿತ್ರ ಅವರೇ ಬರೆಯಲಿ. ನಾಲ್ಕು ಹಾಳೆ ಆದರೆ ಹೊಲಿದು ಕಪಾಟಿನಲ್ಲಿ ಇಡಿ, ನಂಬರ್ ಹಾಕಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ನಂಬರ್ ಹಾಕಿದ ಮೇಲೆ ಮಕ್ಕಳು ಅದನ್ನು ಹಿಡಿದುಕೊಳ್ಳುವ ರೀತಿಯೇ ಬೇರೆ.

ನಾನು ಹೀಗೆ ಮಾಡಿದಾಗ ಬಂದ ಮೊದಲ ಪುಸ್ತಕ ಒಬ್ಬಳು ನಾಲ್ಕನೇ ಕ್ಲಾಸಿನ ಹುಡುಗಿಯದು. ರಜಿಯಾ ಅಂತಲೇ ಕರೆಯೋಣ, ನಿಜವಾದ ಹೆಸರು ಬೇಡ. ಅವಳು, ಅವಳ ತಮ್ಮ, ಎದುರು ಮನೆ ಹುಡುಗಿ ಸೇರಿ ಪಂಚಾಯಿತಿ ಆಫೀಸಿನ ಹಿಂದಿನ ಮಾವಿನ ಮರಕ್ಕೆ ಲಗ್ಗೆ ಹಾಕಿದ್ದರು. ತಮ್ಮ ಕಾಂಪೌಂಡ್ ಮೇಲೆ ಕಾವಲು. ಜವಾನ ಬಂದರೆ ಕೋಗಿಲೆ ಹಾಗೆ ಕೂಗಬೇಕು. ಅವನಿಗೆ ಕೋಗಿಲೆ ಕೂಗು ಬರೋದಿಲ್ಲ, ಅದಕ್ಕೆ ಕೋಳಿ ಹಾಗೆ ಕೂಗಿದ. ಮಟಮಟ ಮಧ್ಯಾಹ್ನ. ಓಡಿದರು. ಅಷ್ಟು ಹೇಳಿ ಸುಮ್ಮನಾದಳು. ನಾನು ಪೆನ್ನು ಹಿಡಿದುಕೊಂಡು ಕಾಯುತ್ತಿದ್ದೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತೆ, ಕೇಳಿಯೇ ಬಿಟ್ಟೆ. ಆಮೇಲೆ ಕದ್ದಿದ್ದು ತಪ್ಪು ಅನ್ನಿಸಿತಾ?

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

"ಹೌದು ಸರ್, ತಪ್ಪಾಯ್ತು. ಉಪ್ಪು ತಂದಿದ್ವಿ. ಖಾರಪುಡಿ ಮರೆತುಬಿಟ್ಟಿದ್ವಿ."